ಇಪ್ಪತ್ತರ ಮೇಲೆ ನಿಂತ ಮುಳ್ಳು

ಕಣ್ಣಿಗೆ ಕಾಣದ ಶಕ್ತಿಯೊಂದು ಈ ಲೋಕವನ್ನು ಹಿಡಿದು ನಿಲ್ಲಿಸಿದೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅವರಿಗೆ ಅದು ಯಾವ ತಪಸ್ಸಿನಿಂದ ತಿಳಿಯಿತೋ ನಾನರಿಯೆ. ನನಗೆ ತಿಳಿದದ್ದು ಹೆಬ್ಬೆರಳಿನ ಗಾತ್ರದ ಒಂದು ರಬ್ಬರ್ ಪೈಪಿನಿಂದ. ಆ ಶಕ್ತಿ ಹಿಡಿದು ನಿಲ್ಲಿಸಬೇಕಾಗಿದ್ದದ್ದು ಲೋಕವನ್ನೇನೂ ಅಲ್ಲ. ನನ್ನ ಅಕ್ಕನ ಗಂಡನ ಹಳೆಯ ಡೀಸೆಲ್ ಕಾರನ್ನು.

ಬೆಟಗೇರಿಯಲ್ಲಿ ನನ್ನದೊಂದು ಗ್ಯಾರೇಜು ಇದೆ. ಗ್ಯಾರೇಜು ಎನ್ನುವುದು ಬೋರ್ಡಿನ ಮೇಲಿನ ಮಾತು. ಕಣ್ಣಿಗೆ ಕಾಣುವುದು ತಗಡಿನ ಚಪ್ಪರ, ಒಂದು ಕಟ್ಟೆ, ಒಂದು ಬೇವಿನ ಗಿಡ. ಅಲ್ಲಿ ಮೂವತ್ತು ವರ್ಷಗಳಿಂದ ಗಾಡಿಗಳ ಹೊಟ್ಟೆಯೊಳಗೆ ತಲೆ ಹಾಕಿಕೊಂಡು ನಿಂತಿದ್ದೇನೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಒಂದು ಕೈಪಂಪು ತಂದೆ. ನೋಡಲಿಕ್ಕೆ ಪಿಸ್ತೂಲಿನಂತೆ ಇದೆ. ಹಿಡಿಕೆ, ಹಿಡಿಕೆಯ ನೆತ್ತಿಯ ಮೇಲೆ ಗಡಿಯಾರದಂಥ ಒಂದು ಮೀಟರು, ಮೂತಿಗೆ ಸಣ್ಣ ಪೈಪು. ಹಿಡಿಕೆ ಒತ್ತಿದಷ್ಟೂ ಅದು ಗಾಳಿಯನ್ನು ಹೊರಗೆ ಎಳೆಯುತ್ತದೆ, ಮುಳ್ಳು ಏರುತ್ತದೆ. ಅದನ್ನು ತಂದ ವಾರದಲ್ಲೇ ಓಣಿಯ ಒಬ್ಬ ಮುದುಕಿ ಬಂದು ನನ್ನ ಮುಂದೆ ತೋಳು ಚಾಚಿ ಕುಳಿತಳು. ದವಾಖಾನೆಗೆ ಹೋಗಿ ಸರದಿ ಹಿಡಿಯುವುದಕ್ಕಿಂತ ಇಲ್ಲೇ ಬಿ.ಪಿ. ನೋಡಿಸಿಕೊಳ್ಳುವುದು ಅನುಕೂಲ ಎಂದಳು. ಇದು ಗಾಡಿಯ ಬಿ.ಪಿ. ನೋಡುವುದು ಎಂದು ಹೇಳಿ ಕಳಿಸಿದೆ. ಗಾಡಿಗೂ ಬಿ.ಪಿ. ಬರುವ ಕಾಲ ಬಂತಲ್ಲ ಎಂದು ಮರುಗುತ್ತ ಹೋದಳು.

ಈ ಪಂಪಿನ ಕೆಲಸ ಬಹಳ ಸರಳ. ಕಾರಿನಲ್ಲಿ ಕೆಲವು ಪೈಪುಗಳು ಇರುವುದೇ ಖಾಲಿ ಇರಲಿಕ್ಕೆ. ಎಂಜಿನ್ನು ಅವುಗಳೊಳಗಿನ ಗಾಳಿಯನ್ನೆಲ್ಲ ಹೀರಿ ಬರಿದು ಮಾಡಿ ಇಡುತ್ತದೆ. ಆ ಬರಿದಿನ ಬಲದಿಂದ ಕೆಲವು ಕೆಲಸ ನಡೆಯುತ್ತವೆ, ಮುಖ್ಯವಾಗಿ ಬ್ರೇಕು. ಪೆಡಲಿನ ಮುಂದೆ ಬೂಸ್ಟರ್ ಎಂಬ ಕರಿಯ ಡಬ್ಬಿಯೊಂದು ಇರುತ್ತದೆ. ನಾವು ಬೆರಳಷ್ಟು ಒತ್ತಿದರೆ ಅದು ಮೊಳದಷ್ಟು ಒತ್ತುತ್ತದೆ. ಪೈಪು ಎಲ್ಲಾದರೂ ಸೀಳಿ ಹೊರಗಿನ ಗಾಳಿ ಒಳನುಗ್ಗಿತೋ, ಡಬ್ಬಿ ಸತ್ತಂತೆ. ಪೆಡಲು ಕಲ್ಲಾಗುತ್ತದೆ. ತುಂಬಿದ್ದು ಸೋರಿದರೆ ಕಂಡುಹಿಡಿಯಬಹುದು. ಟ್ಯೂಬಿನ ಗಾಳಿ ಸೋರಿದರೆ ನೀರಿನಲ್ಲಿ ಗುಳ್ಳೆ ಏಳುತ್ತದೆ. ಖಾಲಿಯೇ ಸೋರಿದರೆ ಗುಳ್ಳೆ ಎಲ್ಲಿಂದ ಬರಬೇಕು? ಅದಕ್ಕೇ ಈ ಪಂಪು. ಪೈಪಿನ ತುದಿಗೆ ಸಿಕ್ಕಿಸಿ, ಮುಳ್ಳನ್ನು ಇಪ್ಪತ್ತಕ್ಕೆ ಏರಿಸಿ, ಕೈ ಬಿಟ್ಟು ಕೂಡುವುದು. ಮುಳ್ಳು ನಿಂತರೆ ಪೈಪು ಗಟ್ಟಿ. ಇಳಿದರೆ ಸೋರಿಕೆ. ಇಷ್ಟು ನೇರವಾಗಿ ಮಾತಾಡುವ ವಸ್ತುವನ್ನು ನನ್ನ ಜೀವನದಲ್ಲಿ ನಾನು ಬೇರೆ ಕಂಡಿರಲಿಲ್ಲ. ಆದ್ದರಿಂದ ಅದು ಹೇಳಿದ್ದನ್ನೆಲ್ಲ ನಂಬಿದೆ.

ಇನ್ನು ಅಕ್ಕನ ಗಂಡ. ನಾನು ಅವರನ್ನು ಮಾಮಾ ಎನ್ನುತ್ತೇನೆ. ಜನ್ಮತಃ ನೇಕಾರರು. ಮನೆಯ ಮಗ್ಗ ನಿಂತು ಬಹಳ ದಿನವಾಯಿತು, ಆದರೆ ನೂಲಿನ ಉಂಡೆಗಳು ಗೋಡೆಯ ಮಾಡಿನಲ್ಲಿ ಇನ್ನೂ ಇವೆ; ಕೈಗಳಂತೂ ನಿಂತೇ ಇಲ್ಲ. ಮಗ್ಗದ ಹಾಸಿನಲ್ಲಿ ಹರಿದ ಎಳೆಯನ್ನು ಗಂಟು ಕಾಣದ ಹಾಗೆ ಕೂಡಿಸುವ ಕೈ ಅದು. ಹೀಗಾಗಿ ಲೋಕದಲ್ಲಿ ಮುರಿದದ್ದನ್ನೆಲ್ಲ ಎಳೆ ಸುತ್ತಿ ಗಂಜಿ ಹಚ್ಚಿದರೆ ಸರಿಹೋಗುತ್ತದೆಂಬುದು ಅವರ ಸಿದ್ಧಾಂತ. ಅವರ ಕನ್ನಡಕದ ಕಡ್ಡಿಗೆ ಎಳೆ ಇದೆ, ಕೊಡೆಗೆ ಇದೆ, ಕುಕ್ಕರಿನ ಹಿಡಿಕೆಗೆ ಇದೆ, ಮಂಚದ ಕಾಲಿಗೂ ಇದೆ. ಒಮ್ಮೆ ಕಾರಿನ ಬ್ಯಾಟರಿಯ ವೈರಿಗೂ ಸುತ್ತಿದ್ದರು. ಅಂದು ನಾನು ನಾಲ್ಕು ಮಂದಿ ಗಿರಾಕಿಗಳ ಮುಂದೆ ಬಹಳ ನಕ್ಕೆ. ಇನ್ನು ಮುಂದೆ ಗಾಡಿಯೊಳಗೆ ಎಳೆ ಕಂಡರೆ ನಾನು ಆ ಗಾಡಿಯನ್ನು ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟೆ. ಮಾಮಾ ನಗಲಿಲ್ಲ. ಆತು ಎಂದರು, ಅಷ್ಟೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ, ಒಂದು ಗುರುವಾರ, ಗ್ಯಾರೇಜಿಗೆ ಬಂದರು. ಕಾರು ಒಮ್ಮೊಮ್ಮೆ ತಡವರಿಸುತ್ತದೆ ಎಂದರು. ಎಲ್ಲಿ, ಹೇಗೆ ಎಂದು ಬಿಡಿಸಿ ಕೇಳಿದಾಗ ಕಟ್ಟೆಯ ಮೇಲೆ ಕುಳಿತು ನೆಲ ನೋಡುತ್ತ ಹೇಳಿದರು: ಲಕ್ಷ್ಮೇಶ್ವರದಿಂದ ಬರುವಾಗ ಶಿರಹಟ್ಟಿಯ ಹತ್ತಿರ ಹೊಲದ ದಾರಿಯಿಂದ ಒಂದು ಟ್ರ್ಯಾಕ್ಟರು ಅಡ್ಡ ಬಂತು, ಬ್ರೇಕು ಒತ್ತಿದರು, ಪೆಡಲು ಕೆಳಗೆ ಇಳಿಯಲೇ ಇಲ್ಲ. ಎರಡೂ ಕಾಲಿನಿಂದ ಒದ್ದರು. ಗಾಡಿ ನಿಂತಿತು, ಆದರೆ ಟ್ರ್ಯಾಕ್ಟರಿನವನು ತನ್ನ ತಾಯಿಯ ಹೆಸರು ಹಿಡಿದು ಕೂಗುವಷ್ಟು ಹತ್ತಿರ ಹೋಗಿ ನಿಂತಿತು. ಮರುದಿನ ಮುಂಜಾನೆ ನೋಡಿದರೆ ಪೆಡಲು ಬೆಣ್ಣೆ.

“ಒಮ್ಮೊಮ್ಮೆ ಅಷ್ಟ ಹಂಗ ಆಗತೈತಿ,” ಎಂದರು. “ಯಾವಾಗಲೂ ಅಲ್ಲ.”

ಬ್ರೇಕಿನ ವಿಷಯದಲ್ಲಿ ಒಮ್ಮೊಮ್ಮೆ ಎನ್ನುವ ಮಾತಿನಷ್ಟು ಕೆಟ್ಟ ಮಾತು ಇನ್ನೊಂದಿಲ್ಲ. ಯಾವಾಗಲೂ ಇಲ್ಲದ ಬ್ರೇಕು ಮನುಷ್ಯನನ್ನು ಮನೆಯಲ್ಲಿ ಕೂಡಿಸುತ್ತದೆ. ಒಮ್ಮೊಮ್ಮೆ ಇಲ್ಲದ ಬ್ರೇಕು ದಾರಿಗೆ ಕರೆದುಕೊಂಡು ಹೋಗುತ್ತದೆ.

ಅವಸರಕ್ಕೆ ಕಾರಣವೂ ಇತ್ತು. ಬರುವ ರವಿವಾರ ಅವರ ಮಗಳನ್ನು ಕರೆತರಬೇಕಾಗಿತ್ತು. ಆಕೆಯನ್ನು ಕೊಟ್ಟದ್ದು ಕೊರ್ಲಹಳ್ಳಿಗೆ, ತುಂಗಭದ್ರೆಯ ದಂಡೆಯ ಊರು. ಚೊಚ್ಚಲ ಬಸಿರು, ಏಳು ತುಂಬಿತ್ತು. ಅಲ್ಲೇ ಸೀಮಂತದ ಕುಬಸ ಮುಗಿಸಿ, ಹಸಿರು ಸೀರೆ ಉಡಿಸಿ, ಅಂದೇ ತವರಿಗೆ ಕರೆದುಕೊಂಡು ಬರುವುದೆಂದು ಎರಡೂ ಕಡೆಯ ಹಿರಿಯರು ನಿಶ್ಚಯಿಸಿದ್ದರು. ಹುಡುಗಿ ಹುಟ್ಟಿದಾಗಿನಿಂದ ಮಾಮಾ ಆಕೆಯನ್ನು ಬೇರೆಯವರ ಗಾಡಿಯಲ್ಲಿ ಕಳಿಸಿದ್ದೇ ಕಡಿಮೆ. ಈಗಂತೂ ತಾವೇ ಓಡಿಸಿ ತರುವುದೆಂದು ಹಟ.

ಶುಕ್ರವಾರ ಮುಂಜಾನೆ ಕೆಲಸಕ್ಕೆ ಕೂತೆ. ಕಾರು ರಾತ್ರಿಯೆಲ್ಲ ನನ್ನ ಗಿಡದ ಕೆಳಗೇ ನಿಂತಿತ್ತು, ಎಂಜಿನ್ನು ತಣ್ಣಗಿತ್ತು. ತಣ್ಣಗಿದ್ದಾಗಲೇ ನೋಡುವುದು ನನ್ನ ಪದ್ಧತಿ. ಕಾದ ಎಂಜಿನ್ನಿನೊಳಗೆ ಕೈ ಹಾಕಿ ಮೊಣಕೈ ಸುಟ್ಟುಕೊಳ್ಳುವ ವಯಸ್ಸು ಕಳೆಯಿತು ಎಂದು ಹೇಳುತ್ತಿದ್ದೆ. ಪಂಪು ಬರುವ ಮುಂಚೆ ಹೀಗಿರಲಿಲ್ಲ. ಓಡುವ ಎಂಜಿನ್ನಿನ ಮೇಲೆ ಬಾಗಿ, ಸದ್ದಿನ ನಡುವೆ ಸುಂಯ್ ಎನ್ನುವ ಇನ್ನೊಂದು ಸದ್ದನ್ನು ಕಿವಿಯಿಂದ ಹುಡುಕುತ್ತಿದ್ದೆವು. ಪಂಪು ಬಂದ ಮೇಲೆ ಕಿವಿಗೆ ವಿಶ್ರಾಂತಿ ಕೊಟ್ಟೆ.

ಮೊದಲು ಬೂಸ್ಟರಿನ ಡಬ್ಬಿಗೆ ಪಂಪು ಹಚ್ಚಿದೆ. ಇಪ್ಪತ್ತು. ಮುಳ್ಳು ನಿಂತಿತು. ಗಾಳಿ ಒಂದೇ ಕಡೆ ಹೋಗಲೆಂದು ನಡುವೆ ಇಡುವ ಗುಂಡಿಯಂಥ ವಾಲ್ವು ನೋಡಿದೆ. ಅದೂ ಸರಿ. ಕೊನೆಗೆ ಡಬ್ಬಿಯಿಂದ ಎಂಜಿನ್ನಿನವರೆಗೆ ಹೋಗುವ ಉದ್ದ ಪೈಪಿಗೆ ಒಂದು ತುದಿ ಮುಚ್ಚಿ, ಇನ್ನೊಂದು ತುದಿಗೆ ಪಂಪು ಸಿಕ್ಕಿಸಿ ಒತ್ತಿದೆ. ಪೈಪಿನ ನಡುವೆ ಒಂದು ಗೇಣು ಕರಿಯ ಟೇಪು ಸುತ್ತಿತ್ತು, ಮೇಲೆ ಎರೆಮಣ್ಣಿನ ಧೂಳು ಕೂತಿತ್ತು. ಅಂಥ ಟೇಪನ್ನು ಎಷ್ಟೋ ಗಾಡಿಗಳಲ್ಲಿ ಕಂಡಿದ್ದೇನೆ. ಪೈಪು ಎಲ್ಲಿಯೂ ಉಜ್ಜಬಾರದೆಂದು ಕಂಪನಿಯವರೇ ಕಟ್ಟಿ ಕಳಿಸುತ್ತಾರೆ. ನನ್ನ ಬೆರಳು ಅದರ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ.

ಇಪ್ಪತ್ತು. ನಿಂತಿತು.

ಮಾಮಾ ಎದುರಿಗೆ ಕೂತು ಮುಳ್ಳನ್ನೇ ನೋಡುತ್ತಿದ್ದರು. ಇಷ್ಟು ಹೊತ್ತು ಸುಮ್ಮನಿರುವ ಮನುಷ್ಯ ಅಲ್ಲ ಅವರು. ಹಾಸಿನಲ್ಲಿ ಹುಳುಕು ಹುಡುಕುವಾಗ ನೇಕಾರ ನೋಡುವ ಹಾಗೆ, ರೆಪ್ಪೆ ಹೊಡೆಯದೆ ನೋಡುತ್ತಿದ್ದರು. ಐದು ನಿಮಿಷವಾಯಿತು. ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಅವರು ಮೆಲ್ಲಗೆ ಉಸಿರು ಬಿಟ್ಟರು.

“ನಿಂತಿತಲ್ಲ?”

“ನಿಂತಿತು.”

“ಅಂದ್ರ ಪೈಪು ಗಟ್ಟಿ.”

“ಗಟ್ಟಿ ಐತ್ರಿ ಮಾಮಾ. ಮುಳ್ಳು ಹೇಳಿದ ಮ್ಯಾಲೆ ಮುಗೀತು.”

ಅವರ ಮುಖದಲ್ಲಿ ಆಗ ಬಂದ ಒಂದು ಕಳೆಯನ್ನು ನಾನು ನೆಮ್ಮದಿ ಎಂದುಕೊಂಡೆ. ಈಗ ನೆನೆದರೆ ಅದು ಗೆದ್ದವನ ಕಳೆ. ವಾಲ್ವು ಯಾಕಿರಲಿ ಎಂದು ಹೊಸದು ಹಾಕಿದೆ, ಬ್ರೇಕಿನ ಎಣ್ಣೆ ಬದಲಿಸಿದೆ, ರೈಲ್ವೆ ಗೇಟಿನ ತನಕ ಹೋಗಿ ಬಂದೆ. ಹತ್ತು ನಿಮಿಷ. ಪೆಡಲು ಬೆಣ್ಣೆ. ವಾಲ್ವಿನ ಮೇಲೆ ತಪ್ಪು ಹೊರಿಸಿ, ಗಾಡಿ ಕೊಟ್ಟು, ಹೋಗಿ ಬರ್ರಿ ಎಂದೆ. ನಾನು ಹಾಗೆ ಎಷ್ಟು ಜನರಿಗೆ ಹೇಳಿದ್ದೇನೋ.

ರವಿವಾರ ನಸುಕಿನಲ್ಲಿ ನಾನೂ ಹೊರಡಬೇಕಾಯಿತು. ಗಾಡಿ ನೋಡಿದವನು ನೀನು, ನೀನೂ ಬಾ ಎಂದು ಅಕ್ಕ ಹಿಂದಿನ ದಿನವೇ ಅಪ್ಪಣೆ ಮಾಡಿದ್ದಳು. ಅಭ್ಯಾಸಬಲದಿಂದ ಪಂಪು, ಇಕ್ಕಳದಂಥ ಪಕ್ಕಡು, ಎರಡು ಸ್ಪಾನರು ಚೀಲದಲ್ಲಿ ಇಟ್ಟುಕೊಂಡೆ. ಶುಭಕಾರ್ಯಕ್ಕೆ ಹೋಗುವವನು ಹಣ್ಣು ಕಾಯಿ ಒಯ್ಯುತ್ತಾನೆ; ನಾನು ಪಕ್ಕಡು ಒಯ್ದೆ. ಹೋಗುವಾಗ ಏನೂ ಆಗಲಿಲ್ಲ. ತಂಪು ಹೊತ್ತು, ಮುಂಡರಗಿಯ ದೊಡ್ಡ ರಸ್ತೆ. ಆದರೆ ಅಲ್ಲಲ್ಲಿ ಕೆಲಸ ನಡೆದು ಜಲ್ಲಿ ಹರಡಿದ್ದರು. ಗಾಡಿ ಕುಲುಕಿದಾಗೊಮ್ಮೆ ಅಕ್ಕ ಹಿಂದಿನಿಂದ, ಬರುವಾಗ ಈ ದಾರಿ ಬೇಡ, ಹುಡುಗಿಗೆ ಕುಲುಕಬಾರದು ಎನ್ನುತ್ತಿದ್ದಳು. ಹಾಗಾದರೆ ಬರುವಾಗ ಡೋಣಿಯ ಮೇಲೆ ಬರೋಣ, ಗುಡ್ಡದ ದಾರಿಯಾದರೂ ಡಾಂಬರು ನುಣುಪಾಗಿದೆ ಎಂದು ಮಾಮಾ ಹೇಳಿದರು. ನಾನೂ ಹೂಂ ಎಂದೆ.

ಕೊರ್ಲಹಳ್ಳಿಯಲ್ಲಿ ಎಲ್ಲವೂ ಯಥಾವಿಧಿ ನಡೆಯಿತು. ಹುಡುಗಿಗೆ ಹಸಿರು ಬಳೆ ಇಡಿಸಿದರು, ಕುಬಸ ತೊಡಿಸಿದರು, ಉಡಿ ತುಂಬಿದರು. ಊಟಕ್ಕೆ ಹೋಳಿಗೆ, ಎಣ್ಣೆಗಾಯಿ, ಸಜ್ಜೆ ರೊಟ್ಟಿ. ಹನ್ನೆರಡೂ ಕಾಲಿಗೆ ಎಲ್ಲ ಮುಗಿದು ಹೊರಡಲು ಎದ್ದರೆ, ಬೀಗರ ಮನೆಯ ಹಿರಿಯರು ಕೈ ಅಡ್ಡ ಹಿಡಿದರು. ರವಿವಾರ ಹನ್ನೆರಡರಿಂದ ಒಂದೂವರೆ ಯಮಗಂಡ ಕಾಲ. ತುಂಬಿದ ಬಸುರಿಯನ್ನು ಯಮಗಂಡದಲ್ಲಿ ಹೊಸ್ತಿಲು ದಾಟಿಸುವುದೇ? ಯಮನ ವೇಳಾಪಟ್ಟಿಯ ಮುಂದೆ ವಾದ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಕೂತೆವು.

ಬಿಸಿಲಿಗೆ ಕಾರಿನ ತಗಡು ಕೈ ಇಡಲಾಗದಷ್ಟು ಕಾದಿತ್ತು. ಮಗಳು ಹತ್ತುವ ಹೊತ್ತಿಗೆ ಒಳಗೆ ತಂಪಿರಲಿ ಎಂದು ಮಾಮಾ ಒಂದು ಹೊಡೆಯುವ ಮುಂಚೆಯೇ ಹೋಗಿ ಎಂಜಿನ್ನು ಶುರು ಮಾಡಿ, ಎ.ಸಿ. ಹಾಕಿ ಬಂದರು. ನಿಂತ ಗಾಡಿ, ಬಿಸಿಲು, ಓಡುವ ಎಂಜಿನ್ನು. ನಾನು ಪಡಸಾಲೆಯಲ್ಲಿ ಕೂತು ಆ ಸದ್ದು ಕೇಳುತ್ತಿದ್ದೆ. ಅರ್ಧ ಗಂಟೆಗೂ ಹೆಚ್ಚು ಕೇಳಿದೆ. ಒಂದೇ ಒಂದು ಸಲ ಎದ್ದು ಹೋಗಿ ಬಾನೆಟ್ಟು ಎತ್ತಿ ನೋಡಬೇಕೆಂದು ಅನ್ನಿಸಿತು. ಆದರೆ ಎಲೆಯಡಿಕೆ ಬಾಯಲ್ಲಿತ್ತು, ಮುಳ್ಳು ನಿಂತದ್ದು ನೆನಪಿತ್ತು. ಏಳಲಿಲ್ಲ. ಯಮಗಂಡ ಪೂರ್ತಿ ಕಳೆದ ಮೇಲೆ, ಮೃತ್ಯುವಿನ ಭಯ ನಿವಾರಣೆಯಾಯಿತೆಂದು ಎಲ್ಲರಿಗೂ ಖಾತ್ರಿಯಾದ ಮೇಲೆ, ಕುದಿಯುವ ಎಂಜಿನ್ನಿನ ಗಾಡಿಯಲ್ಲಿ ಹುಡುಗಿಯನ್ನು ಕೂಡಿಸಿದೆವು.

ಹಿಂದೆ ಅಕ್ಕ, ಮಗಳು, ಇಬ್ಬರ ನಡುವೆ ಬುತ್ತಿಯ ಬುಟ್ಟಿ. ಮುಂದೆ ಮಾಮಾ, ನಾನು. ಮುಂಡರಗಿಯ ಸರ್ಕಲ್ಲಿನಲ್ಲಿ ಎಮ್ಮೆಯೊಂದು ಅಡ್ಡ ಬಂದು ಮಾಮಾ ಬ್ರೇಕು ಒತ್ತಿದರು. ಗಾಡಿ ನಿಂತಿತು. ಆದರೆ ಅವರ ಮೊಣಕಾಲು ಬಿಗಿದದ್ದು, ಬೆನ್ನು ಸೀಟಿಗೆ ಒತ್ತಿದ್ದು ನನ್ನ ಕಣ್ಣಿಗೆ ಬಿತ್ತು. ಹೇಗಿದೆ ಎಂದು ಮೆಲ್ಲಗೆ ಕೇಳಿದೆ.

“ಐತಿ,” ಎಂದರು. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಐತಿ ಎನ್ನುವುದು ಉತ್ತರವೇ ಅಲ್ಲ ಎಂದು ನನಗೆ ಗೊತ್ತಿತ್ತು. ಹಿಂದೆ ಅಕ್ಕ ಮಗಳಿಗೆ ಬಾಣಂತನದ ಖಾರದ ವಿಷಯ ಹೇಳುತ್ತಿದ್ದಳು. ಅವರ ಮುಂದೆ ಇನ್ನೊಮ್ಮೆ ಕೇಳಲು ಬಾಯಿ ಬರಲಿಲ್ಲ. ಕಡಲೆ ಕಿತ್ತಾದ ಹೊಲಗಳು ಎರಡೂ ಕಡೆ ಕರ್ರಗೆ ಬಿದ್ದಿದ್ದವು. ಎದುರಿಗೆ ಕಪ್ಪತಗುಡ್ಡ ಏಳುತ್ತ ಬಂತು. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನನಗೆ ಅವು ಎಂದೂ ಕೆಡುಕಾಗಿ ಕಂಡಿರಲಿಲ್ಲ. ಅಂದು, ಇಷ್ಟೊಂದು ಗಾಳಿ ಒಳಗೆ ನುಗ್ಗಲು ಎಲ್ಲೋ ಒಂದು ಸೀಳು ಹುಡುಕುತ್ತಿದೆ ಎಂದು ಅನ್ನಿಸಿತು.

ಏರು ಹತ್ತುವಾಗ ಎಂಜಿನ್ನು ಇನ್ನಷ್ಟು ಕಾಯಿತು. ನೆತ್ತಿ ದಾಟಿ ಡೋಣಿಯ ಕಡೆ ಇಳಿಜಾರು ಶುರುವಾಯಿತು. ತಿರುವು ಕಳೆದೊಡನೆ ಕೆಳಗೆ ರಸ್ತೆಯ ತುಂಬ ಕುರಿಗಳು. ಒಂದು ಹಿಂಡು, ಈ ಅಂಚಿನಿಂದ ಆ ಅಂಚಿಗೆ, ನಡುವೆ ಕಂಬಳಿ ಹೊದ್ದ ಒಬ್ಬ ಕುರುಬ, ಬೆನ್ನು ನಮ್ಮ ಕಡೆಗೆ.

ಮಾಮಾ ಬ್ರೇಕು ಒತ್ತಿದರು. ಮೊದಲ ಸಲ ಸ್ವಲ್ಪ ಹಿಡಿಯಿತು. ಎರಡನೆಯ ಸಲ ಅರ್ಧ. ಮೂರನೆಯ ಸಲಕ್ಕೆ ಪೆಡಲು ಗೋಡೆಯಾಯಿತು. ಅವರು ಸೀಟಿನಿಂದ ಎದ್ದು ನಿಂತಂತೆ ಎರಡೂ ಕಾಲು ಇಟ್ಟು ಒತ್ತುತ್ತಿದ್ದರು, ಗಾಡಿ ಮಾತ್ರ ತನ್ನ ಪಾಡಿಗೆ ಇಳಿಯುತ್ತಿತ್ತು. ಹಿಂದೆ ಅಕ್ಕ ಇನ್ನೂ ಬಾಣಂತಿಗೆ ಕೊಡುವ ಅಳವಿಯ ಉಂಡೆಯ ವಿಷಯ ಹೇಳುತ್ತಿದ್ದಳು.

“ಎರಡನೇ ಗೇರಿಗೆ ತಗೋರಿ, ಮಾಮಾ.” ನನ್ನ ದನಿ ನನಗೇ ಬೇರೆಯವರದೆನಿಸಿತು. “ಒಂದಕ್ಕೆ. ಎಡಕ್ಕ ಒಯ್ರಿ, ಮಣ್ಣಿಗೆ.”

ಗೇರು ಬಿತ್ತು. ಎಂಜಿನ್ನು ಅರಚಿತು. ನಾನು ಹ್ಯಾಂಡ್ ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಎಡಗಡೆ ರಸ್ತೆ ಅಗಲ ಮಾಡಲು ಒಟ್ಟಿದ ಮಣ್ಣಿನ ಗುಡ್ಡೆ ಇತ್ತು. ಗಾಡಿ ಅದರೊಳಗೆ ಮೂತಿ ತೂರಿಸಿ, ಒಮ್ಮೆ ನಡುಗಿ, ನಿಂತಿತು. ಬುಟ್ಟಿ ಮಗುಚಿ ಕರ್ಚೀಕಾಯಿಗಳು ನನ್ನ ಕಾಲ ಬಳಿ ಉರುಳಿದವು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಹುಡುಗಿ ಎರಡೂ ಕೈಯಿಂದ ಹೊಟ್ಟೆ ಹಿಡಿದು ಕೂತಿದ್ದಳು. ಅಕ್ಕ ತನ್ನ ತೋಳನ್ನು ಆಕೆಯ ಎದೆಗೆ ಅಡ್ಡ ಕೊಟ್ಟಿದ್ದಳು. ಎಂಥ ವೇಗದಲ್ಲಿ ಕೊಟ್ಟಳೋ ತಿಳಿಯದು. ಯಾರಿಗೂ ಏನೂ ಆಗಿರಲಿಲ್ಲ.

ಕೊನೆಯ ಕುರಿ ನಮ್ಮಿಂದ ಹತ್ತು ಮಾರು ದೂರದಲ್ಲಿತ್ತು. ಕುರುಬ ನಡೆದು ಬಂದು ಗಾಡಿಯನ್ನೂ ಮಣ್ಣನ್ನೂ ನಮ್ಮನ್ನೂ ನೋಡಿದ.

“ಬ್ರೇಕ್ ಇಲ್ಲೇನ್ರಿ?”

“ಐತಿ,” ಎಂದರು ಮಾಮಾ.

“ಐತಿ ಅಂದ್ರ ಹಾಕಬೇಕ್ರಿ, ಯಜಮಾನ್ರ. ಮನ್ಯಾಗ ಇಟ್ಟು ಬಂದ್ರ ಏನುಪಯೋಗ?” ಎಂದು ಹೇಳಿ, ಬಾಟಲಿಯಲ್ಲಿದ್ದ ನೀರು ಹುಡುಗಿಗೆ ಕೊಟ್ಟು, ತನ್ನ ಹಿಂಡಿನ ಹಿಂದೆ ಹೋದ.

ಹೆಂಗಸರನ್ನು ಇಳಿಸಿ ರಸ್ತೆ ಬದಿಯ ಬೇವಿನ ನೆರಳಿಗೆ ಕೂಡಿಸಿದೆ. ಬಾನೆಟ್ಟು ಎತ್ತಿದರೆ ಮುಖಕ್ಕೆ ಒಲೆಯ ಬಾಯಿ ತೆರೆದಂತಾಯಿತು. ಚಿಂದಿ ಸುತ್ತಿಕೊಂಡು ಕೈ ಹಾಕಿದೆ, ಪೈಪು ಬಿಚ್ಚಿ ಪಂಪು ಸಿಕ್ಕಿಸಿದೆ. ಇಪ್ಪತ್ತಕ್ಕೆ ಏರಿಸಿದೆ. ಕೈ ಬಿಡುವಷ್ಟರಲ್ಲಿ ಹತ್ತು. ಇನ್ನೊಂದು ಉಸಿರಿಗೆ ಸೊನ್ನೆ. ಮುಳ್ಳು ಅಷ್ಟು ಬೇಗ ಬಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಕ್ಕಡಿನಿಂದ ಪೈಪನ್ನು ಟೇಪಿನ ಈಚೆಗೆ ಹಿಚುಕಿದೆ: ಮುಳ್ಳು ನಿಂತಿತು. ಆಚೆಗೆ ಹಿಚುಕಿದೆ: ಬಿತ್ತು. ಸೋರಿಕೆ ಟೇಪಿನ ಕೆಳಗೇ ಇತ್ತು.

ಮಾಮಾ ನನ್ನ ಮಗ್ಗುಲಲ್ಲೇ ನಿಂತಿದ್ದರು. ಮಾತಾಡಿದವಳು ಅಕ್ಕ. ನೆರಳಿನಿಂದ ಎದ್ದು ಬಂದು ಒಳಗೆ ಬಗ್ಗಿ ನೋಡಿ, ಮಜ್ಜಿಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಕೇಳುವ ದನಿಯಲ್ಲಿ ಗಂಡನನ್ನು ಕೇಳಿದಳು:

“ನೀವು ಅವತ್ತು ಎಳಿ ಸುತ್ತಿದ್ದು ಇಲ್ಲೇ ಅಲ್ಲೇನ್ರಿ? ಗಂಜಿ ಕಾಸಿ ಕೊಡು ಅಂತ ನನ್ನ ಮುಂಜಾನೆ ಐದಕ್ಕ ಎಬ್ಬಿಸಿದ್ರಲ್ಲ?”

ನಾನು ಟೇಪು ಬಿಚ್ಚಿದೆ. ಕೆಳಗೆ ಬಿಳಿಯ ನೂಲು, ಒಂದು ಸುತ್ತಿಗೆ ಒಂದು ಸುತ್ತು ಅಂಟಿಕೊಂಡು, ಗಂಜಿ ಹೀರಿ ಗಟ್ಟಿಯಾಗಿ, ಕೊಳಲಿನ ಹಾಗೆ ನುಣ್ಣಗೆ ಕೂತಿತ್ತು. ಗಂಟು ಎಲ್ಲಿದೆ ಎಂದು ನನಗೆ ಕಾಣಲಿಲ್ಲ. ನಾನು ಜೀವಮಾನದಲ್ಲಿ ಪೈಪಿಗೆ ಕಟ್ಟಿದ ಯಾವ ಕಟ್ಟೂ ಅಷ್ಟು ಚೆಂದ ಇರಲಿಲ್ಲ. ಶಾಖಕ್ಕೆ ಗಂಜಿಯಲ್ಲಿ ಕೂದಲಿನಂಥ ಬಿರುಕುಗಳು ಬಿಟ್ಟಿದ್ದವು. ಒಳಗೆ ರಬ್ಬರು ಕಾದು ಮೆತ್ತಗಾಗಿ ಸೀಳು ತುಟಿ ತೆರೆಯುತ್ತಿತ್ತು, ತಣ್ಣಗಾದಾಗ ಮುಚ್ಚಿಕೊಳ್ಳುತ್ತಿತ್ತು. ನಾನು ನೋಡಿದ್ದು ಮುಚ್ಚಿಕೊಂಡಾಗ.

ಆಗ ತಿಳಿಯಿತು: ಶಿರಹಟ್ಟಿಯ ಪ್ರಸಂಗಕ್ಕೂ ಮುಂಚೆಯೇ ಮಾಮಾ ಕಿವಿ ಹಚ್ಚಿ ಸೀಳನ್ನು ಹುಡುಕಿ, ತಾವೇ ಕಟ್ಟಿದ್ದರು. ಕಟ್ಟಿದ ಮೇಲೂ ಪೆಡಲು ಕಲ್ಲಾದಾಗ ತಪ್ಪು ಬೇರೆಲ್ಲೋ ಇದೆ ಎಂದುಕೊಂಡು ನನ್ನ ಹತ್ತಿರ ಬಂದರು. ಗ್ಯಾರೇಜಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಏರಿಸಲಿಲ್ಲ. ಏರಿಸುವ ಹಕ್ಕು ನನಗೆ ಅಷ್ಟಾಗಿ ಉಳಿದಿರಲಿಲ್ಲ.

“ಹೇಳಬೇಕಂತ ಬಂದಿದ್ದೆ, ತಮ್ಮಾ,” ಎಂದರು. “ಎಳಿ ಅಂದ್ರ ನೀ ಮತ್ತ ನಗ್ತಿದ್ದಿ. ಮೊದಲ ಮುಳ್ಳು ಏನಂತೈತಿ ನೋಡೂಣು ಅಂತ ಸುಮ್ಮ ಕುಂತೆ. ಮುಳ್ಳು ನಿಂತಿತು. ನಿನ್ನ ಮುಳ್ಳ ಒಪ್ಪಿದ ಮ್ಯಾಲೆ ನಾ ಯಾಕ ಬಾಯಿ ಬಿಡ್ಲಿ?”

ಮುಳ್ಳು ಹೇಳಿದ ಮೇಲೆ ಮುಗಿಯಿತು ಎಂದವನು ನಾನೇ.

ಸುಮಾರು ಮುಕ್ಕಾಲು ಗಂಟೆ ಅಲ್ಲೇ ಕಳೆದೆವು. ಬೇರೆ ಪೈಪು ಹತ್ತಿರ ಇರಲಿಲ್ಲ. ರವಿವಾರ, ಮುಂಡರಗಿಯಲ್ಲೂ ಅಂಗಡಿ ತೆರೆದಿರುವುದು ಅನುಮಾನ. ಗುಡ್ಡದ ಮೇಲಿನ ಗಾಳಿಗೆ ಎಂಜಿನ್ನು ಮೆಲ್ಲಮೆಲ್ಲಗೆ ಆರಿತು. ಮಾಮಾ ಅದರ ಮೇಲೆ ಅಂಗೈ ಇಟ್ಟು ಇಟ್ಟು ನೋಡುತ್ತಿದ್ದರು. ಕೊನೆಗೆ, ಇನ್ನೊಮ್ಮೆ ಪಂಪು ಹಚ್ಚಿ ನೋಡು ಎಂದರು. ಹಚ್ಚಿದೆ.

ಇಪ್ಪತ್ತು. ಮುಳ್ಳು ನಿಂತಿತು.

ಆ ಇಳಿಜಾರಿನಲ್ಲಿ ಪೆಡಲು ಕಲ್ಲಾದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಅದೇ ಪೈಪು, ಅದೇ ಸೀಳು, ಈಗಷ್ಟೇ ನಾಲ್ಕು ಜನರನ್ನು ಮಣ್ಣಿನವರೆಗೆ ತಂದು ಬಿಟ್ಟದ್ದು. ಅದರ ಮೇಲೆ ಮುಳ್ಳು ಏನೂ ಗೊತ್ತಿಲ್ಲದಂತೆ, ನ್ಯಾಯಾಧೀಶರ ಗಾಂಭೀರ್ಯದಿಂದ, ಗಟ್ಟಿ ಇದೆ ಎಂದು ಹೇಳುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ. ಅಲುಗಲಿಲ್ಲ.

“ನೋಡು, ನಿಂತೈತಿ,” ಎಂದರು ಮಾಮಾ. ಅವರ ಕಣ್ಣಿನಲ್ಲಿ ನಿಜವಾದ ಆಸೆ ಇತ್ತು. “ಸಾವಕಾಶ ಹೋಗೂಣು. ಬೆಟಗೇರಿ ಏನ್ ದೂರ ಐತಿ? ಅಲ್ಲಲ್ಲಿ ನಿಂದರಿಸಿ ಆರಿಸಿಕೋತ ಹೋದ್ರಾತು. ಅಕಿನ್ನ ಹತ್ತಸ್ತೀನಿ.”

ಹುಡುಗಿ ಆಗಲೇ ಎದ್ದು ನಿಂತಿದ್ದಳು. ಅಪ್ಪ ಕರೆದರೆ ಹತ್ತುವವಳೇ. ಬಾಗಿಲಿಗೆ ಕೈ ಹಾಕಿದ್ದಳು ಕೂಡ. ನಾನು ಹೋಗಿ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತೆ.

“ಮುಳ್ಳು ಸುಳ್ಳು ಹೇಳೂದಿಲ್ರಿ ಮಾಮಾ,” ಎಂದೆ. “ತಣ್ಣಗಿದ್ದಾಗಿನ ಖರೆ ಹೇಳತೈತಿ. ಗುಡ್ಡ ಇಳಿಯೂ ಹೊತ್ತಿಗೆ ಗಾಡಿ ತಣ್ಣಗ ಇರೂದಿಲ್ಲ. ತಪ್ಪು ನಂದು. ನಾ ಕಾಯಿಸಿ ನೋಡಬೇಕಾಗಿತ್ತು, ನೋಡಲಿಲ್ಲ. ಈಗ ಅಕಿ ಹತ್ತೂದು ಬ್ಯಾಡ.”

“ಮಗಳನ್ನ ಬಸ್ಸಿನ್ಯಾಗ ನಿಂದರಿಸಿ ಕಳಸ್ಲೇನು? ಈ ಹೊತ್ತಿನ್ಯಾಗ?”

“ಬಸುರಿಗೆ ಸೀಟ ಬಿಡದಂಥ ಮಂದಿ ಇನ್ನೂ ನಮ್ಮ ಕಡೆ ಹುಟ್ಟಿಲ್ರಿ,” ಎಂದಳು ಅಕ್ಕ. ಬುಟ್ಟಿಯನ್ನು ಆಗಲೇ ಸೊಂಟಕ್ಕೆ ಏರಿಸಿದ್ದಳು.

ಮಾಮಾ ಇನ್ನೊಮ್ಮೆ ಮುಳ್ಳಿನ ಕಡೆ ನೋಡಿದರು. ಅದು ಇನ್ನೂ ನಿಂತೇ ಇತ್ತು. ಆಮೇಲೆ ಗಾಡಿಯ ಕೀಲಿಯನ್ನು ನನ್ನ ಅಂಗೈಯಲ್ಲಿ ಇಟ್ಟು, ಮಗಳ ಚೀಲ ಎತ್ತಿಕೊಂಡು, ಡೋಣಿಯ ಕಡೆ ನಡೆಯತೊಡಗಿದರು. ಅಷ್ಟರಲ್ಲಿ ಕಟ್ಟಿಗೆ ಹೇರಿಕೊಂಡ ಒಂದು ಚಕ್ಕಡಿ ಬಂತು. ಕಟ್ಟಿಗೆಯ ಮೇಲೆ ಕಂಬಳಿ ಹಾಸಿ ತಾಯಿ ಮಗಳನ್ನು ಕೂಡಿಸಿದೆವು. ಗಂಟೆಗೆ ಎಷ್ಟು ಮೈಲಿ ಎಂದು ಲೆಕ್ಕ ಹಾಕಲು ನಾಚಿಕೆಯಾಗುವ ವೇಗದಲ್ಲಿ, ಎರಡು ಎತ್ತುಗಳು ಆ ಇಳಿಜಾರನ್ನು ಇಳಿದವು. ಚಕ್ಕಡಿಯವನು ಹಗ್ಗ ಎಳೆದಾಗೊಮ್ಮೆ ನಿಂತವು. ಮಾಮಾ ಗಾಲಿಯ ಮಗ್ಗುಲಲ್ಲಿ ಕೈ ಇಟ್ಟುಕೊಂಡು ನಡೆದರು.

ಡೋಣಿಯಲ್ಲಿ ಬಸ್ಸು ಸಿಕ್ಕಿತು. ಮುಂದಿನ ಸೀಟು ಬಿಟ್ಟುಕೊಟ್ಟರು. ಸಂಜೆ ಆರಕ್ಕೆ ಮೂವರೂ ಬೆಟಗೇರಿಯ ಮನೆ ಸೇರಿದರು. ನಾನು ಗಾಡಿಗೆ ಕೀಲಿ ಹಾಕಿ ಮುಂದಿನ ಬಸ್ಸಿಗೆ ಬಂದೆ. ಮರುದಿನ ನಾನು ಹೊಸ ಪೈಪು ಒಯ್ದು ಹಾಕಿ, ಎಂಜಿನ್ನು ಕಾಯಿಸಿ ಪರೀಕ್ಷೆ ಮಾಡಿ, ಕಾರನ್ನು ಒಬ್ಬನೇ ಓಡಿಸಿಕೊಂಡು ಬಂದೆ. ಹುಡುಗಿಗೆ ದಿನ ತುಂಬಿ ಗಂಡು ಮಗುವಾಯಿತು. ಇಬ್ಬರೂ ಆರಾಮ ಇದ್ದಾರೆ. ಕಾರು ಮಾಮಾನ ಮನೆಯ ಮುಂದೆ ಇದೆ. ಅವರು ಆಮೇಲೆ ಅದನ್ನು ಓಡಿಸಿಲ್ಲ.